ಮೂರು ಗಾಡಿಗಳ ನಂತರ ಸಿಕ್ಕ ಹಗುರ ಸ್ಟ್ರಾಲರ್: ನನ್ನ ಅನುಭವ

ನಮ್ಮ ಮನೆಯ ಬಾಗಿಲ ಹಿಂದೆ ಮಡಚಿ ನಿಲ್ಲಿಸಿರುವ ಸ್ಟ್ರಾಲರ್‌ನ ತೂಕ 6.4 ಕಿಲೋ. ಲಗೇಜು ತೂಗುವ ಕೊಕ್ಕೆಯ ತೂಕದ ಯಂತ್ರಕ್ಕೆ ನೇತುಹಾಕಿ ನಾನೇ ಕಂಡುಕೊಂಡ ಲೆಕ್ಕವಿದು. ಕೈಪಿಡಿಯಲ್ಲಿ ಮಾತ್ರ 5.8 ಎಂದಿದೆ. ಮಗಳಿಗೆ ನಾಲ್ಕು ತಿಂಗಳಿದ್ದಾಗ ಇದು ಮನೆಗೆ ಬಂದಿತು, ಈಗ ಅವಳಿಗೆ ಹದಿನಾಲ್ಕು ತಿಂಗಳು. ಇದನ್ನು ಮೊದಲ ಬಾರಿ ಕಂಡ ದಿನ ನಮ್ಮ ಅತ್ತೆಯವರು, "ಇದೇನಮ್ಮ, ಕೊಡೆ ಕಡ್ಡಿಯ ಹಾಗಿದೆ, ಗಾಳಿ ಬಂದರೆ ಮಗು ಸಮೇತ ಹಾರಿಹೋಗುತ್ತದೆ" ಎಂದಿದ್ದರು. ಈಗ ಮೊಮ್ಮಗಳನ್ನು ಸಂಜೆ ಹೊರಗೆ ಕರೆದೊಯ್ಯುವವರು ಅವರೇ, ಗಾಡಿಯನ್ನು ಒಂದೇ ಕೈಯಲ್ಲಿ ಬಿಚ್ಚುವವರೂ ಅವರೇ. ಆದರೆ ಇದು ನಾನು ಕೊಂಡ ನಾಲ್ಕನೆಯ ಗಾಡಿ ಎಂಬುದನ್ನೂ, ಮೊದಲ ಮೂರರಲ್ಲಿ ಕೈ ಸುಟ್ಟುಕೊಂಡೆ ಎಂಬುದನ್ನೂ ಮೊದಲೇ ಒಪ್ಪಿಕೊಳ್ಳಬೇಕು.

ಮೊದಲನೆಯದು ತೊಟ್ಟಿಲು, ಕಾರ್ ಸೀಟು ಎಲ್ಲವೂ ಸೇರಿದ ದೊಡ್ಡ ಸೆಟ್. ಹಸುಗೂಸಿಗೆ ಇದೇ ಬೇಕು, ಹಗುರವಾದದ್ದು ಮಗು ಕುಳಿತುಕೊಳ್ಳಲು ಕಲಿತ ಮೇಲೆ ಎಂದು ಅಂಗಡಿಯವರೂ ಹೇಳಿದರು, ಬಂಧುಗಳೂ ಹೇಳಿದರು. ಹಿಂದಿನ ಒರಗು ಚಪ್ಪಟೆಯಾಗುವುದರಿಂದ ಹಿಡಿದು ಚಕ್ರದ ಸ್ಪ್ರಿಂಗ್‌ವರೆಗೆ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ನಮ್ಮ ಕಟ್ಟಡದಲ್ಲಿ: ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನನಗೆ ಆಗಿದ್ದು ಸಿಸೇರಿಯನ್; ಆರು ವಾರ ಮಗುವಿಗಿಂತ ಭಾರವಾದ ಯಾವುದನ್ನೂ ಎತ್ತಬೇಡಿ ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರು. ಮಗು ಸುಮಾರು 3 ಕಿಲೋ, ಗಾಡಿ ಸುಮಾರು 14 ಕಿಲೋ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಯನ್ನು ಅಲ್ಲಿಯವರೆಗೆ ನಾನು ಇಷ್ಟು ಅಕ್ಷರಶಃ ಅನುಭವಿಸಿರಲಿಲ್ಲ. ನಮ್ಮ ಮನೆಯವರು ಕೆಲಸಕ್ಕೆ ಹೋದ ಮೇಲೆ ಆ ಗಾಡಿ ಸಂಜೆಯವರೆಗೆ ಕದಲುತ್ತಿರಲಿಲ್ಲ, ನಾನೂ ಕದಲುತ್ತಿರಲಿಲ್ಲ. ಆರು ವಾರ ಕಳೆದ ಮೇಲೂ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಅದು ಎಂಬುದು ಆಗದ ಮಾತಾಗಿತ್ತು.

ಹಣದ ಲೆಕ್ಕವನ್ನು ಸುಲಭವಾಗಿ ಹೇಳಬೇಕೆಂದರೆ, ಆ ಮೊದಲ ಸೆಟ್‌ನ ಬೆಲೆಯನ್ನು 100 ಎಂದು ಇಟ್ಟುಕೊಳ್ಳಿ. ಎರಡು ತಿಂಗಳಲ್ಲೇ ಮಾರಿದಾಗ ನನಗೆ ಮರಳಿ ಬಂದದ್ದು 45. ಹೊಸದರಂತೆಯೇ ಇತ್ತು, ಆದರೂ ಅಷ್ಟೇ.

ಎರಡನೆಯದು 20ಕ್ಕೆ ಬಂದಿತು. ಕೊಡೆಯಂತೆ ಉದ್ದಕ್ಕೆ ಮಡಚಿಕೊಳ್ಳುವ, 4 ಕಿಲೋಗಿಂತ ತುಸು ಹೆಚ್ಚು ತೂಗುವ ಗಾಡಿ. ಈ ವಿನ್ಯಾಸದ ಮೂಲಪುರುಷ ಬ್ರಿಟನ್ನಿನ ಓವನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಮಡಚುವ ಚಕ್ರದ ಭಾಗಗಳ ಮೇಲೆ ಕೆಲಸ ಮಾಡಿದ್ದ ಈ ಎಂಜಿನಿಯರ್, ಭಾರವಾದ ಪ್ರ್ಯಾಮ್‌ನೊಂದಿಗೆ (ಮಗುವನ್ನು ಮಲಗಿಸಿ ತಳ್ಳುವ ದೊಡ್ಡ ಗಾಡಿ) ತನ್ನ ಮಗಳು ಪಡುತ್ತಿದ್ದ ಪಾಡನ್ನು ಕಂಡು, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ 3 ಕಿಲೋಗೂ ಕಡಿಮೆ ತೂಕದ ಗಾಡಿಯನ್ನು ರೂಪಿಸಿದರು. ನಾನು ಮರೆತದ್ದೇನೆಂದರೆ, ಕೂರಬಲ್ಲ ಮಗುವಿಗಷ್ಟೇ ಅಂಥ ಜೋಲುಬಟ್ಟೆಯ ಸೀಟು ಸರಿ. ಎರಡು ತಿಂಗಳ ಮಗಳನ್ನು ಮಲಗಿಸಿ ಕೆಳಗಿನ ಅಂಗಳದಲ್ಲಿ ಎರಡು ಸುತ್ತು ಬರುವಷ್ಟರಲ್ಲಿ ಅವಳ ಬೆನ್ನು ಬಿಲ್ಲಿನಂತೆ ಬಾಗಿ, ಗಲ್ಲ ಎದೆಗೆ ತಾಗಿ, ಉಸಿರಿನ ಜೊತೆಗೆ ಸಣ್ಣದೊಂದು ಗೊರಗೊರ ಸದ್ದು ಬರತೊಡಗಿತು. ಕತ್ತಿನ ಬಲವಿಲ್ಲದ ಕೂಸಿನ ಗಲ್ಲ ಹಾಗೆ ಎದೆಗೆ ಒತ್ತಿದರೆ ಶ್ವಾಸನಾಳವೇ ಮಡಚಿಕೊಳ್ಳಬಹುದು. ಅಲ್ಲಿಂದಲೇ ಅವಳನ್ನು ಎತ್ತಿಕೊಂಡು ಬಂದೆ. ಗಾಡಿಯನ್ನು ಮಾರನೆಯ ದಿನ ಎರಡು ವರ್ಷದ ಮಗುವಿದ್ದ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ಆ 20 ನೀರಿನಲ್ಲಿ ಹೋಮ ಮಾಡಿದಂತಾಯಿತು.

ಆ ರಾತ್ರಿ ಕುಳಿತು ಓದಿದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಸಂಖ್ಯೆ. ಮಕ್ಕಳ ಗಾಡಿಗಳ ಸುರಕ್ಷತೆಗಾಗಿರುವ ಯುರೋಪಿನ ಇಎನ್ 1888 ಮಾನದಂಡದ ಪ್ರಕಾರ ಆರು ತಿಂಗಳೊಳಗಿನ ಮಗುವಿಗೆ ಬಳಸುವ ಸೀಟಿನಲ್ಲಿ ಕೂರುವ ಭಾಗಕ್ಕೂ ಒರಗಿಗೂ ನಡುವೆ ಕನಿಷ್ಠ 150 ಡಿಗ್ರಿ ಕೋನ ಇರಬೇಕು. ಮೊಬೈಲ್‌ನಲ್ಲಿ ಕೋನ ಅಳೆಯುವ ಆ್ಯಪ್ ಸುಲಭವಾಗಿ ಸಿಗುತ್ತದೆ. ಅದನ್ನು ಸ್ಟ್ರಾಲರ್‌ನ ಒರಗಿಗೆ ಇಟ್ಟು ನೋಡುವವರು ಮಾತ್ರ ಕಡಿಮೆ.

ಮೂರನೆಯ ಗಾಡಿ ವಿಮಾನದ ಕ್ಯಾಬಿನ್ ಒಳಗೇ ಇಡಬಹುದಾದಷ್ಟು ಸಣ್ಣದಾಗಿ ಮಡಚುವಂಥದು, ಬೆಲೆ 60. ಕೈಯಿಂದ ಮುಟ್ಟಿ ನೋಡದೆ, ಚಿತ್ರ ನೋಡಿ ತರಿಸಿದೆ. ಚಪ್ಪಟೆ ಮಲಗಿಸುವ ಭಾಗ ಬೇರೆ, ಅದಕ್ಕೆ ಇನ್ನೂ 15 ಎಂಬುದು ಆಮೇಲೆ ತಿಳಿಯಿತು; ಅದನ್ನೂ ತರಿಸಿದೆ. "ಒಂದೇ ಕೈಯಲ್ಲಿ ಮಡಚಬಹುದು" ಎಂಬುದು ಸುಳ್ಳಲ್ಲ, ಆದರೆ ಆ ಹೆಚ್ಚುವರಿ ಭಾಗ ಹಾಕಿದ ಮೇಲೆ ಗಾಡಿ ಮಡಚುವುದೇ ಇಲ್ಲ, ಮೊದಲು ಅದನ್ನು ಬಿಚ್ಚಬೇಕು, ಅದಕ್ಕೆ ಎರಡು ಕೈ ಬೇಕು. ಜೊತೆಗೆ ವೇಗವಾಗಿ ನಡೆದರೆ ಮುಂದಿನ ಚಕ್ರಗಳು ಅಂಗಡಿಯ ಹಳೆಯ ಟ್ರಾಲಿಯಂತೆ ಗಡಗಡ ನಡುಗುತ್ತಿದ್ದವು. ಚಕ್ರ ತಿರುಗುವ ನೆಟ್ಟನೆಯ ಕಡ್ಡಿ ಸಡಿಲವಿದ್ದರೆ ಹೀಗಾಗುತ್ತದೆ, ಚಕ್ರವನ್ನು ನೇರಕ್ಕೆ ಲಾಕ್ ಮಾಡಿದರೆ ನಿಲ್ಲುತ್ತದೆ, ಆದರೆ ಆಗ ತಿರುವಿನಲ್ಲಿ ಗಾಡಿಯನ್ನು ಎತ್ತಿ ತಿರುಗಿಸಬೇಕು. ಹಿಂದಿರುಗಿಸಿದಾಗ ಸಾಗಣೆಯ ಖರ್ಚು ಮುರಿದುಕೊಂಡು 48 ಕೊಟ್ಟರು. 15ರ ಭಾಗವನ್ನು ಪೊಟ್ಟಣ ಒಡೆದಿದೆ ಎಂದು ವಾಪಸು ಪಡೆಯಲೇ ಇಲ್ಲ.

ಇಷ್ಟರಲ್ಲಿ ಕೈಬಿಟ್ಟುಹೋದದ್ದನ್ನು ಕೂಡಿಸಿದರೆ 100ಕ್ಕಿಂತ ಒಂದೆರಡು ಹೆಚ್ಚೇ. ಆಗ ಹುಟ್ಟಿದ್ದು ಮರಳಿನ ಗೊಂಬೆ.

ಮಗಳ ತೂಕ ಆಗ 6 ಕಿಲೋದ ಆಸುಪಾಸಿನಲ್ಲಿತ್ತು. ಗಟ್ಟಿ ಬಟ್ಟೆಯ ಎರಡು ಚೀಲಗಳಲ್ಲಿ 6 ಕಿಲೋ ಒಣಮರಳನ್ನು ತುಂಬಿ, ಹೊಲಿದು, ಟವೆಲಿನಲ್ಲಿ ಸುತ್ತಿ, ಅವಳ ಹಳೆಯ ಉಡುಪನ್ನು ತೊಡಿಸಿದೆ. ತಲೆಯ ಕಡೆಗೆ ಎಷ್ಟು, ಸೊಂಟದ ಕಡೆಗೆ ಎಷ್ಟು ಮರಳು ಎಂಬುದರಲ್ಲಿ ಒಂದು ಹದವಿದೆ. ನಾಲ್ಕೈದು ಸಲ ಬಿಚ್ಚಿ ಹೊಲಿದ ಮೇಲೆ ಬಂದ ಹದ ಅದು, ಅವರವರೇ ಕಂಡುಕೊಳ್ಳಲಿ. ಈ ಗೊಂಬೆ, ತೂಕದ ಯಂತ್ರ, ಮೊಬೈಲು, ಇವಿಷ್ಟನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗಳಿಗೂ, ಹಳೆಯ ಗಾಡಿ ಮಾರುವವರ ಮನೆಗಳಿಗೂ ಹೋಗತೊಡಗಿದೆ. ಜೊತೆಗೆ ಬಂದ ನನ್ನ ಅಣ್ಣ, "ನೀನು ಗಾಡಿ ಕೊಳ್ಳಲು ಬಂದಿದ್ದೀಯೋ, ತರಕಾರಿ ತೂಗಲು ಬಂದಿದ್ದೀಯೋ" ಎಂದು ಎಲ್ಲರೆದುರು ನಗೆಯಾಡಿದ.

ಗೊಂಬೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈ ಒಂದರಿಂದಲೇ ಗಾಡಿಯನ್ನು ಹತ್ತು ಸಲ ಮಡಚಿ ಬಿಚ್ಚುವುದು ನನ್ನ ಮುಖ್ಯ ಪರೀಕ್ಷೆ. ಮೊದಲ ಮೂರು ಸಲ ಎಲ್ಲ ಗಾಡಿಗಳೂ ಚೆನ್ನಾಗಿಯೇ ಕಾಣುತ್ತವೆ. ಏಳನೆಯ ಸಲದ ಹೊತ್ತಿಗೆ ಎಡಭುಜ ಸೋತಿರುತ್ತದೆ, ಲಾಕಿನ ಗುಂಡಿ ಗಟ್ಟಿಯಿದ್ದರೆ ಹೆಬ್ಬೆರಳು ಜಾರುತ್ತದೆ, ಮಡಚಿದ ಗಾಡಿ ತಾನೇ ನಿಲ್ಲದೆ ಕಾಲ ಮೇಲೆ ಬೀಳುತ್ತದೆ. ಹಾಗೆ ನಾನು ನೋಡಿದ ಹನ್ನೊಂದೋ ಹನ್ನೆರಡೋ ಗಾಡಿಗಳಲ್ಲಿ ಏಳನೆಯ ಮಡಿಕೆ ದಾಟಿದವು ಮೂರು. ಅವುಗಳಲ್ಲಿ 150 ಡಿಗ್ರಿ ದಾಟಿದವು ಎರಡು. ಅವೆರಡರಲ್ಲಿ ಒಂದು, ನಾನು ಉದ್ದ ಹೆಜ್ಜೆ ಹಾಕಿದಾಗಲೆಲ್ಲ ಹಿಂದಿನ ಅಚ್ಚಿಗೆ ಪಾದ ಬಡಿಯುತ್ತಿದ್ದುದರಿಂದ ಹೊರಬಿತ್ತು.

ತೂಕದ ಬಗ್ಗೆ ಒಂದು ಮಾತು. ನಾನು ತೂಗಿದ ಹೆಚ್ಚಿನ ಗಾಡಿಗಳು ಬರೆದದ್ದಕ್ಕಿಂತ ಅರ್ಧದಿಂದ ಒಂದು ಕಿಲೋ ಹೆಚ್ಚಿದ್ದವು. ನನ್ನದರ ಬಿಸಿಲಿನ ಮರೆಯನ್ನೂ, ಕೆಳಗಿನ ಬುಟ್ಟಿಯನ್ನೂ, ಮುಂದಿನ ಅಡ್ಡಪಟ್ಟಿಯನ್ನೂ ಕಳಚಿ ತೂಗಿದಾಗ ಸರಿಯಾಗಿ ಕೈಪಿಡಿಯ 5.8 ಬಂದಿತು. ಮರೆಯಿಲ್ಲದ ಗಾಡಿಯಲ್ಲಿ ಯಾರು ಕೂಸನ್ನು ಹೊರಗೆ ಒಯ್ಯುತ್ತಾರೋ ನನಗೆ ತಿಳಿಯದು. ಮೆಟ್ಟಿಲು ಹತ್ತುವಾಗ ಒಟ್ಟು ತೂಕಕ್ಕಿಂತ ಅದು ಎಲ್ಲಿ ಜೋತುಬೀಳುತ್ತದೆ ಎಂಬುದೂ ಮುಖ್ಯ: ಹೆಗಲ ಪಟ್ಟಿ ಗಾಡಿಯ ಸಮತೂಕದ ಬಿಂದುವಿನಲ್ಲಿದ್ದರೆ 6.4 ಕಿಲೋ ಸಹಿಸಬಹುದು, ಇಲ್ಲದಿದ್ದರೆ 5 ಕಿಲೋ ಕೂಡ ಮೊಣಕಾಲಿಗೆ ಬಡಿದು ಬಡಿದು ಹಿಂಸೆ ಕೊಡುತ್ತದೆ.

ಉಳಿದ ಆ ಒಂದು ಗಾಡಿ ಒಂದು ವರ್ಷ ಬಳಸಿದ್ದು, ಬೆಲೆ 25. ಹಳೆಯದಾದ್ದರಿಂದ ಚೌಕಟ್ಟಿನ ಚೀಟಿಯಲ್ಲಿದ್ದ ಮಾದರಿ ಸಂಖ್ಯೆ, ತಯಾರಿಕೆಯ ತಿಂಗಳು ಇವನ್ನು ತಯಾರಕರು ದೋಷಕ್ಕಾಗಿ ಹಿಂಪಡೆದ ಗಾಡಿಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಿದೆ, ಐದು ಕಡೆಯ ಬೆಲ್ಟಿನ ಹೊಲಿಗೆಯನ್ನು ಉಗುರಿನಿಂದ ಕೆದಕಿದೆ, ಗೊಂಬೆಯನ್ನು ಕೂರಿಸಿ ಇಳಿಜಾರಿನಲ್ಲಿ ಬ್ರೇಕ್ ಹಾಕಿ ಐದು ನಿಮಿಷ ನಿಂತೆ. ಮಡಿಕೆಯ ಕೀಲುಗಳಲ್ಲಿ ಬೆರಳು ಸಿಕ್ಕುವಷ್ಟು ಸಂದಿ ಇದೆಯೇ ಎಂದು ಪೆನ್ಸಿಲ್ ತೂರಿಸಿಯೂ ನೋಡಿದೆ. ಮಾರುತ್ತಿದ್ದ ಹೆಂಗಸು ಕೊನೆಗೆ ತಾನೇ ಬೆಲೆ ಇಳಿಸಿದಳು. 25 ಎಂಬುದು ಇಳಿದ ಮೇಲಿನ ಲೆಕ್ಕ. ಕಿರುಗುಟ್ಟುತ್ತಿದ್ದ ಚಕ್ರಕ್ಕೆ ಎಣ್ಣೆ ಹಾಕಿದರೆ ಧೂಳು ಮೆತ್ತಿ ಇನ್ನೂ ಕೆಡುತ್ತದೆ, ಸಿಲಿಕೋನ್ ಸ್ಪ್ರೇ ಸಾಕು. ಎಡಕ್ಕೆ ಎಳೆಯುತ್ತಿದ್ದುದನ್ನು ಸರಿಪಡಿಸಿದ ರೀತಿ ಬೇರೆಯದು. ಇನ್ನೊಂದೆರಡು ಗಾಡಿಗಳ ಮೇಲೆ ಪರೀಕ್ಷಿಸುವವರೆಗೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅತ್ತೆಯವರ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ ಎಂಬುದು ಗೊಂಬೆಯಿಂದಲೇ ತಿಳಿಯಿತು. ಹಿಡಿಕೆಗೆ ಚೀಲ ನೇತುಹಾಕಿ, ಅದಕ್ಕೆ ನೀರಿನ ಬಾಟಲಿಗಳನ್ನು ಒಂದೊಂದಾಗಿ ಸೇರಿಸುತ್ತ ಹೋದೆ. ಗೊಂಬೆಯನ್ನು ನೆಟ್ಟಗೆ ಕೂರಿಸಿದಾಗ 5 ಕಿಲೋ ಹತ್ತಿರ ಗಾಡಿ ಹಿಂದಕ್ಕೆ ಮಗುಚಿತು. ಒರಗನ್ನು ಚಪ್ಪಟೆ ಮಾಡಿದಾಗ ಭಾರ ಹಿಂದಕ್ಕೆ ಸರಿದು 3 ಕಿಲೋಗೇ ಮಗುಚಿತು. ಗೊಂಬೆಯನ್ನು ಎತ್ತಿಕೊಂಡಾಗ 2 ಕಿಲೋ ಕೂಡ ತಡೆಯಲಿಲ್ಲ. ಅಂದಿನಿಂದ ಹಿಡಿಕೆಗೆ ಏನನ್ನೂ ನೇತುಹಾಕುವಂತಿಲ್ಲ, ಎಲ್ಲವೂ ಕೆಳಗಿನ ಬುಟ್ಟಿಗೆ. ಇನ್ನೊಂದು ಮಧ್ಯಾಹ್ನ ಗೊಂಬೆಯ ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿಲಿಗೆಂದು ಗಾಡಿಯ ಮೇಲೆ ತೆಳು ಹತ್ತಿಯ ಬಟ್ಟೆ ಹೊದಿಸಿದೆ. ಅರ್ಧ ಗಂಟೆಯಲ್ಲಿ ಒಳಗೆ ಐದಾರು ಡಿಗ್ರಿ ಏರಿತ್ತು. ನೆರಳು ಸಿಗುತ್ತದೆ, ಗಾಳಿ ನಿಲ್ಲುತ್ತದೆ. ಬಟ್ಟೆ ಹೊದಿಸುವುದನ್ನೂ ಬಿಟ್ಟೆವು.

ಮಗಳು ಈಗ 10 ಕಿಲೋ ಸಮೀಪಿಸಿದ್ದಾಳೆ, ಗಾಡಿಯ ಮಿತಿ 15. ಹಿಂದಿನ ಬಲಚಕ್ರದ ಅಂಚು ಸವೆದಿದೆ, ಬಿಸಿಲಿನ ಮರೆಯ ಒಂದು ಹೊಲಿಗೆ ಬಿಟ್ಟಿದೆ. ಕಳೆದ ವಾರ ಅಣ್ಣ ಮನೆಗೆ ಬಂದಿದ್ದ. ಅತ್ತಿಗೆಗೆ ಇನ್ನೆರಡು ತಿಂಗಳಲ್ಲಿ ಹೆರಿಗೆ. ಹೊರಡುವಾಗ ಬಾಗಿಲ ಬಳಿ ನಿಂತು, ಗಾಡಿಯ ಕಡೆ ನೋಡದೆ, "ಆ ಮರಳಿನ ಗೊಂಬೆ ಇನ್ನೂ ಇಟ್ಟಿದ್ದೀಯಾ?" ಎಂದು ಕೇಳಿದ. ಎರಡೂವರೆ ಕಿಲೋ ಮರಳನ್ನು ಹೊರಗೆ ತೆಗೆದು, ಮತ್ತೆ ಹೊಲಿದು ಕೊಟ್ಟು ಕಳಿಸಿದ್ದೇನೆ.