ಬೇರಿಯಾಟ್ರಿಕ್ ಆಪರೇಷನ್ ಆದ ಮೇಲೆ ತೂಕ ನಿಧಾನಕ್ಕೆ ಇಳಿಯುವವರಿಗೆ, ಒಬ್ಬ ಲೆಕ್ಕದವಳ ಸಲಹೆ

"ಧೈರ್ಯವಾಗಿರಿ, ಇಳಿದೇ ಇಳಿಯುತ್ತೆ" ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಧೈರ್ಯ ಎಲ್ಲಿಂದ ತರುವುದು ಅಂತ ಹೇಳುವವರು ಕಡಿಮೆ. ನಾನು ಸ್ಲೀವ್, ಅಂದರೆ ತೂಕ ಇಳಿಸಲು ಜಠರವನ್ನು ಕತ್ತರಿಸಿ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿಕೊಂಡವಳು, ಅದರಲ್ಲೂ ನಿಧಾನಕ್ಕೆ ಇಳಿಯುವ ಪೈಕಿ. ಜಠರದ ಮುಕ್ಕಾಲು ಪಾಲು ತೆಗೆಸಿಕೊಂಡು ಬಂದ ಮೇಲೂ ತೂಕದ ಮಷಿನ್ ಹೋದ ವಾರದ ಅಂಕಿಯನ್ನೇ ತೋರಿಸಿದರೆ ಎಂಥ ಸಂಕಟ ಆಗುತ್ತದೆ ಅಂತ ಗೊತ್ತು. ನಾನು ಲೆಕ್ಕ ಬರೆದು ಹೊಟ್ಟೆ ಹೊರೆಯುವವಳು. ಹಾಗಾಗಿ ಇದಕ್ಕೂ ಒಂದು ನೋಟ್‌ಬುಕ್ ಇಟ್ಟೆ. ಅದನ್ನು ನೋಡುತ್ತಾ ಹೋದಂತೆ ನನಗನಿಸಿದ್ದು: ಈ ಬೇಸರದಲ್ಲಿ ಅರ್ಧ, ತಪ್ಪು ಅಂಕಿಯನ್ನು ತಪ್ಪು ಹೊತ್ತಿನಲ್ಲಿ ನೋಡುವುದರಿಂದ ಬರುತ್ತದೆ.

ಮೊದಲು ಆ ಕುಖ್ಯಾತ ಮೂರನೇ ವಾರದ ವಿಷಯ. ಆಪರೇಷನ್ ಆಗಿ ಎರಡು ವಾರ ತೂಕ ಸರ್ರನೆ ಇಳಿಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎಷ್ಟು ಜನರಿಗೆ ಹೀಗಾಗುತ್ತದೆ ಅಂದರೆ, ಆಪರೇಷನ್ ಆದವರೆಲ್ಲ ಇದನ್ನು ಥರ್ಡ್ ವೀಕ್ ಸ್ಟಾಲ್ ಅಂತಲೇ ಕರೆಯುತ್ತಾರೆ. ಕಾರಣ ಸರಳ. ನಮ್ಮ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಇರುತ್ತದೆ. ಎಲ್ಲ ಸೇರಿ ಸುಮಾರು ಅರ್ಧ ಕೆಜಿ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಒಮ್ಮೆಲೇ ಕಡಿಮೆಯಾದಾಗ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಅದು ಕರಗಿದಾಗ ನೀರೂ ಹೋಗುತ್ತದೆ, ನಾವು ಖುಷಿಪಡುತ್ತೇವೆ. ಮುಂದೆ ತಿನ್ನುವುದು ಒಂದು ಹದಕ್ಕೆ ಬಂದಾಗ ಸ್ವಲ್ಪ ದಾಸ್ತಾನು ಮತ್ತೆ ತುಂಬುತ್ತದೆ, ನೀರೂ ವಾಪಸ್ ಬರುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ. ಆದರೆ ಮಷಿನ್‌ಗೆ ಯಾವುದು ಕೊಬ್ಬು, ಯಾವುದು ನೀರು ಅಂತ ಗೊತ್ತಾಗಬೇಕಲ್ಲ? ಮುಟ್ಟಿನ ದಿನಗಳು, ಮಲಬದ್ಧತೆ, ಹಿಂದಿನ ದಿನ ಉಪ್ಪು ಜಾಸ್ತಿಯಾದದ್ದು, ಇವೂ ಹಾಗೆಯೇ ಒಂದೆರಡು ಕೆಜಿ ಆಚೀಚೆ ಮಾಡುತ್ತವೆ.

ಹಾಗಾಗಿ ತೂಕ ನೋಡುವುದಕ್ಕೆ ಒಂದು ಕಟ್ಟುಪಾಡು ಹಾಕಿಕೊಳ್ಳಿ. ವಾರಕ್ಕೆ ಒಂದೇ ದಿನ. ಬೆಳಿಗ್ಗೆ ಎದ್ದು, ಟಾಯ್ಲೆಟ್‌ಗೆ ಹೋಗಿ ಬಂದು, ಏನೂ ಕುಡಿಯುವ ಮೊದಲು. ಅದೇ ಮಷಿನ್, ಗಟ್ಟಿ ನೆಲ. ಅಂಕಿ ಬರೆದಿಟ್ಟು ಸುಮ್ನೆ ಮುಂದಿನ ಕೆಲಸ ನೋಡಿ. ಹೋದ ವಾರದ ಜೊತೆ ಹೋಲಿಸಬೇಡಿ, ನಾಲ್ಕು ವಾರದ ಹಿಂದಿನ ಅಂಕಿಯ ಜೊತೆ ಹೋಲಿಸಿ. ದಿನಾ ಹತ್ತಿ ನೋಡುವ ಚಟ ಬಿಡಲಾಗದಿದ್ದರೆ ಮಷಿನ್ ಅನ್ನು ಕಪಾಟಿನ ಮೇಲೆ ಇಡಿಸಿ. ನಾನು ಹಾಗೇ ಮಾಡಿದ್ದೇನೆ. ಸ್ಟೂಲ್ ಹಾಕಿ ಇಳಿಸುವಷ್ಟರಲ್ಲಿ ಆಸೆ ಸತ್ತುಹೋಗುತ್ತದೆ.

ಇನ್ನು ಹೋಲಿಕೆ. "ನನ್ನ ಜೊತೆ ಆಪರೇಷನ್ ಆದವರು 24 ಕೆಜಿ ಇಳಿದರು, ನಾನು ಬರೀ 18" ಅನ್ನುವ ಗೋಳು ಎಲ್ಲರದ್ದೂ. ಕೆಜಿಯಲ್ಲಿ ಹೋಲಿಸಿದರೆ ಲೆಕ್ಕ ಕೂಡುವುದೇ ಇಲ್ಲ. ಇಳಿದ ತೂಕವನ್ನು ಶುರುವಿನ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. 160 ಕೆಜಿ ಇದ್ದವರು 24 ಇಳಿದರೆ 15 ಶೇಕಡಾ. 120 ಇದ್ದವರು 18 ಇಳಿದರೆ? ಅದೂ 15 ಶೇಕಡಾ! ಇಬ್ಬರದೂ ಒಂದೇ ವೇಗ. ನನ್ನ ನೋಟ್‌ಬುಕ್ಕಿನಲ್ಲಿ ಕೆಜಿಯ ಪಕ್ಕದಲ್ಲಿ ಈ ಶೇಕಡಾದ ಕಾಲಂ ಹಾಕಿದ ದಿನವೇ ನನ್ನ ಅರ್ಧ ತಲೆನೋವು ಇಳಿಯಿತು.

ಸ್ಲೀವ್ ಅಥವಾ ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಚಿಕ್ಕದು ಮಾಡಿ ಕರುಳಿನ ದಾರಿ ಬದಲಿಸುವ ಆಪರೇಷನ್) ಆದವರು ಮೊದಲ ಒಂದು, ಒಂದೂವರೆ ವರ್ಷದಲ್ಲಿ ಶುರುವಿನ ತೂಕದ ಸುಮಾರು 25ರಿಂದ 30 ಶೇಕಡಾ ಇಳಿಯುವುದು ಸಾಮಾನ್ಯ. ಆದರೆ ಇದು ಸರಾಸರಿ. ಸರಾಸರಿ ಅಂದಮೇಲೆ ಅದರ ಕೆಳಗೂ ಜನ ಇರಲೇಬೇಕು ಅಲ್ವಾ? ವಯಸ್ಸಾದವರು, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು, ಮಂಡಿನೋವಿನಿಂದ ಓಡಾಡಲಾಗದವರು, ಇವರಿಗೆಲ್ಲ ತೂಕ ನಿಧಾನಕ್ಕೆ ಇಳಿಯುವುದು ಹೆಚ್ಚು. ಕೆಲವು ಮಾತ್ರೆಗಳೂ ತೂಕವನ್ನು ಹಿಡಿದಿಡುತ್ತವೆ: ಸ್ಟೀರಾಯ್ಡ್, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು. ಹಾಗಂತ ನೀವೇ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಪಟ್ಟಿ ಇಟ್ಟು ಕೇಳಿ. ಇನ್ನೊಂದು ಮಾತು, ದೇಹ ಚಿಕ್ಕದಾದಂತೆ ಅದು ಸುಡುವ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಆರನೇ ತಿಂಗಳಲ್ಲಿ ಮೊದಲ ತಿಂಗಳ ವೇಗ ಸಿಗುವುದಿಲ್ಲ, ಯಾರಿಗೂ.

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ನನಗೆ ತುಂಬಾ ಸಮಾಧಾನ ಕೊಟ್ಟಿದೆ. ಆಪರೇಷನ್ ಆದವರನ್ನು, ಅಷ್ಟೇ ದಪ್ಪ ಇದ್ದು ಆಪರೇಷನ್ ಆಗದವರ ಜೊತೆ ಹೋಲಿಸಿ ವರ್ಷಗಟ್ಟಲೆ ನೋಡಿದರು. ಆಪರೇಷನ್ ಆದವರ ತೂಕ ಸರಾಸರಿ 2 ವರ್ಷಕ್ಕೆ 23 ಶೇಕಡಾ ಇಳಿದಿತ್ತು, 10 ವರ್ಷಕ್ಕೆ ಅದು 17ಕ್ಕೆ ಬಂದಿತ್ತು, 20 ವರ್ಷಕ್ಕೆ 18. ಕಣ್ಣು ಕುಕ್ಕುವ ಅಂಕಿಯೇನಲ್ಲ. ಆದರೂ ಆ ಗುಂಪಿನಲ್ಲಿ ಸಾವು ಕಡಿಮೆ, ಹೊಸದಾಗಿ ಸಕ್ಕರೆ ಕಾಯಿಲೆ ಬಂದವರೂ ಕಡಿಮೆ. ಫೋಟೋದಲ್ಲಿ ಎದ್ದು ಕಾಣದಷ್ಟು ಇಳಿಕೆಯೂ ಒಳಗೆ ಕೆಲಸ ಮಾಡುತ್ತದೆ.

ಅದಕ್ಕೇ ತೂಕವಲ್ಲದ ಲೆಕ್ಕಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಇಡಿ. ತಿಂಗಳಿಗೊಮ್ಮೆ ಟೇಪ್ ಹಿಡಿದು ಕುತ್ತಿಗೆ, ಸೊಂಟ, ತೊಡೆ, ತೋಳು ಅಳೆಯಿರಿ, ಪ್ರತಿ ಸಲ ಅದೇ ಜಾಗದಲ್ಲಿ. ಬಿಪಿ, ಶುಗರ್, ಮಾತ್ರೆಗಳ ಡೋಸ್ ಬರೆಯಿರಿ. ಗೊರಕೆ ಕಡಿಮೆಯಾಯಿತೇ ಅಂತ ಪಕ್ಕದಲ್ಲಿ ಮಲಗುವವರನ್ನೇ ಕೇಳಿ, ನಮಗೆ ಗೊತ್ತಾಗುವ ವಿಷಯ ಅಲ್ಲ ಅದು. ನನಗೆ ತೂಕ ಕದಲದೆ ನಿಂತ ಒಂದು ತಿಂಗಳಲ್ಲಿ ವಾಚಿನ ಬೆಲ್ಟ್ ಒಂದು ತೂತು ಒಳಗೆ ಹೋಯಿತು. ಹಳೆಯ ತೂತಿನ ಸುತ್ತ ಚರ್ಮ ಬಿರಿದು, ಬಕಲ್ಲಿನ ಅಚ್ಚು ಆಳವಾಗಿ ಕೂತಿತ್ತು. ಹೊಸ ತೂತು ಇನ್ನೂ ಬಿಗಿ, ಮುಳ್ಳು ಒಳಗೆ ಹೋಗುವುದಕ್ಕೆ ಸತಾಯಿಸಿತು. ಅದನ್ನೂ ತಾರೀಖು ಹಾಕಿ ಬರೆದೆ. ಮೆಟ್ಟಿಲು ಹತ್ತಿ ಹೋದವಳು ಏದುಸಿರಿಲ್ಲದೆ ಮಾತು ಮುಂದುವರಿಸಿದ್ದು, ಕಾಲ ಮೇಲೆ ಕಾಲು ಹಾಕಿ ಕೂರಲಾಗಿದ್ದು, ಎಲ್ಲ ಅದೇ ಪುಟದಲ್ಲಿದೆ.

ಈಗ ಸ್ವಲ್ಪ ಕಹಿ ಮಾತು. ನಿಧಾನ ಅಂದಮಾತ್ರಕ್ಕೆ ಎಲ್ಲವನ್ನೂ ದೇಹದ ತಲೆಗೆ ಕಟ್ಟಲಾಗದು. ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ರುಚಿ ನೋಡಿದ ಚಮಚವೂ ಸೇರಿ. ಪ್ರೋಟೀನ್ ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಹೇಳುತ್ತಾರೆ, ಅಷ್ಟು ಆಗುತ್ತಿದೆಯಾ? ನೀರು ಒಂದೂವರೆ ಲೀಟರ್ ಮುಟ್ಟುತ್ತಿದೆಯಾ? ಗಟ್ಟಿ ಪ್ರೋಟೀನ್ ತಿಂದರೆ ಚಿಕ್ಕ ಹೊಟ್ಟೆ ಬೇಗ ತುಂಬಿ ಸಾಕು ಅನ್ನುತ್ತದೆ. ಆದರೆ ಐಸ್‌ಕ್ರೀಮ್, ಬಿಸ್ಕೆಟ್, ಚಿಪ್ಸ್, ಸಿಹಿ ಪಾನೀಯ ಇವೆಲ್ಲ ಸಲೀಸಾಗಿ ಜಾರಿಹೋಗುತ್ತವೆ. ಹೊಟ್ಟೆ ತುಂಬಿದ ಸುಳಿವೇ ಸಿಗುವುದಿಲ್ಲ. ಆ ಸುಳಿವು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು. ನನಗೆ ಮೂಗಿನಲ್ಲಿ ನೀರು ಬರುತ್ತದೆ. ಅದು ಬಂದ ಮೇಲೆ ಇನ್ನೊಂದು ತುತ್ತು ಹಾಕಿದರೆ ಎದೆ ನಡುವೆ ಕಲ್ಲು ಕೂತ ಹಾಗೆ. ನಿಮ್ಮ ಸುಳಿವು ಯಾವುದು ಅಂತ ಗುರುತು ಮಾಡಿಕೊಳ್ಳಿ, ಆ ತುತ್ತಿಗೇ ತಟ್ಟೆ ಸರಿಸಿ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಹಾಗಂತ "ಇನ್ನೂ ಕಡಿಮೆ ತಿಂದರೆ ಬೇಗ ಇಳಿಯಬಹುದು" ಅಂತ ಹೊರಡಬೇಡಿ. ಪ್ರೋಟೀನ್ ಬೀಳದಿದ್ದರೆ ಕರಗುವುದು ಸ್ನಾಯು. ಮೂರನೇ ತಿಂಗಳಿಂದ ಆರನೇ ತಿಂಗಳ ನಡುವೆ ಬಾಚಣಿಗೆ ತುಂಬಾ ಕೂದಲು ಬರುವುದು ಹೇಗೂ ಇದ್ದದ್ದೇ, ಹೆಚ್ಚಿನವರಿಗೆ ಅದು ಮತ್ತೆ ಬೆಳೆಯುತ್ತದೆ. ಅದನ್ನು ನಾವೇ ಜಾಸ್ತಿ ಮಾಡಿಕೊಳ್ಳುವುದು ಯಾಕೆ? ಡಾಕ್ಟರು ಒಪ್ಪಿದ ಮೇಲೆ ನಡಿಗೆಯ ಜೊತೆ ಸ್ವಲ್ಪ ಭಾರ ಎತ್ತುವ ವ್ಯಾಯಾಮ ಸೇರಿಸಿ.

ಜನರ ಬಾಯಿಗೆ ಮಾತ್ರ ಆಪರೇಷನ್ ಇಲ್ಲ. ಆಫೀಸಿನಲ್ಲಿ ಒಬ್ಬರು ಎಲ್ಲರೆದುರೇ, "ಏನ್ ಮೇಡಂ, ಆಪರೇಷನ್ ಮಾಡಿಸ್ಕೊಂಡ್ರೂ ಹಂಗೇ ಇದ್ದೀರಲ್ಲ?" ಅಂದರು. "ಶುಗರ್ ಮಾತ್ರೆ ಕಡಿಮೆಯಾಗಿದೆ ಸರ್, ಅದಕ್ಕೇ ಮಾಡಿಸಿಕೊಂಡಿದ್ದು" ಅಂದೆ. ಅಲ್ಲಿಗೆ ಮುಗಿಯಿತು. ಇಂಥ ಒಂದು ಸಾಲು ಮೊದಲೇ ತಯಾರು ಮಾಡಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಹುಡುಕಿದರೆ ಸಿಗುವುದು ಅಳು ಮಾತ್ರ. ಮನೆಯವರಿಗೆ ನೇರವಾಗಿಯೇ ಹೇಳಿ: ತೂಕ ಎಷ್ಟಾಯಿತು ಅಂತ ಕೇಳಬೇಡಿ, ಹೇಳಬೇಕು ಅನಿಸಿದಾಗ ನಾನೇ ಹೇಳುತ್ತೇನೆ.

ಕೆಲವು ವಿಷಯಕ್ಕೆ ಮಾತ್ರ ಕಾಯುತ್ತಾ ಕೂರಬಾರದು. ವಾಂತಿ ನಿಲ್ಲದಿದ್ದರೆ ಆವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ದೇಹದಲ್ಲಿ ಥಯಾಮಿನ್ ಅನ್ನುವ ವಿಟಮಿನ್ (ಬಿ1) ಬೇಗ ಖಾಲಿಯಾಗಿ ನರಗಳಿಗೆ ಪೆಟ್ಟು ಬೀಳಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ತೂಕ ಇಳಿಯುತ್ತಿಲ್ಲ ಅಂತ ಸಿಟ್ಟಿನಲ್ಲಿ ಅವನ್ನೂ ಬಿಡಬೇಡಿ. ಮದ್ಯದಿಂದ ದೂರ ಇರಿ, ಈಗ ಅದು ಮೊದಲಿಗಿಂತ ಬೇಗ ರಕ್ತಕ್ಕೆ ಏರುತ್ತದೆ. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ತೂಕದ ಮಾತಲ್ಲ, ತಡಮಾಡದೆ ವೈದ್ಯರಿಗೆ ಹೇಳಬೇಕಾದದ್ದು.

ಮೂರು ತಿಂಗಳ ಅಂಕಿ, ಟೇಪಿನ ಅಳತೆ ಎರಡೂ ಅಲುಗದಿದ್ದರೆ ಫಾಲೋ ಅಪ್ ತಪ್ಪಿಸಿಕೊಳ್ಳಬೇಡಿ. "ಇಳಿದಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ" ಅಂತ ಮನೆಯಲ್ಲಿ ಕೂರುವವರು ಬಹಳ. ಹೋಗಬೇಕಾದದ್ದು ಆಗಲೇ. ನೋಟ್‌ಬುಕ್ ತೆಗೆದುಕೊಂಡು ಹೋಗಿ. ಥೈರಾಯ್ಡ್ ಪರೀಕ್ಷೆ ಬೇಕಾ, ನನ್ನ ಮಾತ್ರೆಗಳಲ್ಲಿ ಬದಲಿಸಬಹುದಾದದ್ದು ಇದೆಯಾ, ಹೊಟ್ಟೆಯ ಒಳಗೆ ಒಮ್ಮೆ ನೋಡಬೇಕಾ, ಸೆಮಾಗ್ಲುಟೈಡ್ ಥರದ, ತೂಕ ಇಳಿಸುವ ಔಷಧಿ ನನಗೆ ಹೊಂದುತ್ತದಾ ಅಂತ ಕೇಳಿ. ಆಪರೇಷನ್ ಆದವರಿಗೂ ಅದನ್ನು ಕೊಡುವುದುಂಟು, ಅದರಲ್ಲಿ ಸೋಲಿನ ಮಾತೇನೂ ಇಲ್ಲ. ಕೊನೆಗೆ, ನನ್ನ ಮಟ್ಟಿಗೆ ಎಷ್ಟು ಶೇಕಡಾ ಅಂದರೆ ನಿಮಗೆ ತೃಪ್ತಿ ಅಂತ ಡಾಕ್ಟರನ್ನೇ ಕೇಳಿ. ನನಗೆ ಸಿಕ್ಕ ಉತ್ತರ, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆಯಿತ್ತು.