ಯುಗಾದಿಗೆ ಮುಂಚೆಯೇ ಇಲಿ ಬರುವ ಸಂದು ಮುಚ್ಚಿ

ತೊಗರಿ ರಾಶಿ ಮುಗಿದು ಹೊಲ ಬರಿದಾದರೆ ಇಲಿಗಳು ಮನೆ ಕಡೆ ಬರುತ್ತವೆ, ಅಲ್ವಾ? ನಮ್ಮ ಕಲಬುರಗಿ ಮನೆಗಳಲ್ಲಿ ಶಹಾಬಾದ್ ಫರಸಿಯ ಸಂದು, ಬಚ್ಚಲ ಪೈಪಿನ ಸುತ್ತ ಮೊದಲು ನೋಡಿ. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ತೂರಿದರೆ ಅದೂ ತೂರುತ್ತದೆ. ಬಟ್ಟೆ ತುರುಕಬೇಡಿ, ಕಡಿದುಬಿಡುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು ಒತ್ತಿ ತುಂಬಿ, ಮೇಲೆ ಸಿಮೆಂಟ್ ಮೆತ್ತಿ.

ಹೋದ ವರ್ಷ ಅಟ್ಟದ ಮೇಲಿದ್ದ ಅಜ್ಜಿಯ ಕೌದಿ ಬಿಚ್ಚಿದೆ. ಅರಿವೆಯೆಲ್ಲ ಚೂರು ಚೂರು, ನಡುವೆ ಆರು ಕೆಂಪು ಮರಿಗಳು, ಕಣ್ಣೇ ಬಿಟ್ಟಿರಲಿಲ್ಲ. ತುಂಬಾ ಬೇಜಾರಾಯಿತು. ಈಗ ಕೌದಿಗಳೆಲ್ಲ ತಗಡಿನ ಟ್ರಂಕಿನಲ್ಲಿವೆ.

ತೊಗರಿ ಚೀಲಗಳನ್ನು ಗೋಡೆಯಿಂದ ದೂರ, ಹಲಗೆ ಮೇಲೆ ಇಡಿ. ಒಣಗಿದ ಹಿಕ್ಕೆಯನ್ನು ಸುಮ್ನೆ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ.