ಅಲಾಸ್ಕಾ ಹೆದ್ದಾರಿಯಲ್ಲಿ ಹನ್ನೊಂದು ದಿನ

ನಮ್ಮವರು ನಿವೃತ್ತರಾದ ವರ್ಷದ ಜೂನ್ ತಿಂಗಳಲ್ಲಿ ನಾವಿಬ್ಬರೂ ಕೆನಡಾದ ಕ್ಯಾಲ್ಗರಿಯಲ್ಲಿ, ಒಳಗೇ ಅಡುಗೆಮನೆ, ಹಾಸಿಗೆ ಇರುವ 25 ಅಡಿ ಉದ್ದದ ಆರ್‌ವಿ ಗಾಡಿಯೊಂದನ್ನು ಬಾಡಿಗೆಗೆ ಪಡೆದು, ಡಾಸನ್ ಕ್ರೀಕ್‌ನಿಂದ ಯೂಕಾನ್‌ನ ವೈಟ್‌ಹಾರ್ಸ್‌ವರೆಗೆ ಅಲಾಸ್ಕಾ ಹೆದ್ದಾರಿಯಲ್ಲಿ ಹೋಗಿಬಂದೆವು. 1942ರಲ್ಲಿ, ಯುದ್ಧಕಾಲದ ತುರ್ತಿನಲ್ಲಿ, ಅಮೆರಿಕದ ಸೇನೆ ಕೆಲವೇ ತಿಂಗಳುಗಳಲ್ಲಿ ಕಾಡು ಕಡಿದು ತೆರೆದ ದಾರಿ ಇದು. ಈ ಎರಡು ಊರುಗಳ ನಡುವಿನ ಸುಮಾರು 1,400 ಕಿ.ಮೀ. ದೂರವನ್ನು ಅವಸರದವರು ಎರಡು ಮೂರು ದಿನಗಳಲ್ಲಿ ಮುಗಿಸುತ್ತಾರೆ. ನಾವು ಹೋಗುವಾಗಲೇ ಹನ್ನೊಂದು ದಿನ ತೆಗೆದುಕೊಂಡೆವು.

ಹೊರಡುವ ಮೊದಲೇ ಎರಡು ಕಟ್ಟುಪಾಡು ಹಾಕಿಕೊಂಡಿದ್ದೆವು: ದಿನಕ್ಕೆ 300 ಕಿ.ಮೀ. ಮೀರಬಾರದು, ಮಧ್ಯಾಹ್ನ ಮೂರರೊಳಗೆ ಗಾಡಿ ನಿಲ್ಲಿಸಬೇಕು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತು ದಾಟಿದರೂ ಬೆಳಕಿರುವುದರಿಂದ ಇನ್ನಷ್ಟು ದೂರ ಹೋಗಬಹುದೆಂದು ಮನಸ್ಸಿಗೆ ಅನ್ನಿಸುತ್ತಲೇ ಇರುತ್ತದೆ, ಆದರೆ ದೇಹ ದಣಿದಿರುತ್ತದೆ. ರಸ್ತೆಯಂಚಿನ ಹುಲ್ಲಿಗೆ ಕಾಡುಕೋಣದಂಥ ಬೈಸನ್‌ಗಳು ಹಿಂಡುಹಿಂಡಾಗಿ ಬರುವ ಆ ದಾರಿಯಲ್ಲಿ ದಣಿದ ಕಣ್ಣಿನಿಂದ ಗಾಡಿ ಓಡಿಸುವುದು ಸಲ್ಲದು.

ಬಹುದೂರದವರೆಗೆ ಮೊಬೈಲ್ ಸಿಗ್ನಲ್ ಇಲ್ಲ, ಬಂಕುಗಳೂ ವಿರಳ. ಟ್ಯಾಂಕ್ ಅರ್ಧಕ್ಕಿಳಿದ ಕೂಡಲೇ ಪೆಟ್ರೋಲ್ ತುಂಬಿಸುತ್ತಿದ್ದೆವು, ಅದಕ್ಕೆ ಮೊದಲು ಗ್ಯಾಸಿನ ಮೇಲೆ ನಡೆಯುವ ಫ್ರಿಜ್ ಆರಿಸುತ್ತಿದ್ದೆವು. ನೀರಿನ ವಿಷಯದಲ್ಲಿ ನಾನು ಕಲಿತದ್ದು ಬೇರೆಯೇ. ಕುಡಿಯುವ ನೀರು ಖಾಲಿಯಾಗುವ ಮೊದಲೇ ಪಾತ್ರೆ ತೊಳೆದ ನೀರಿನ ಟ್ಯಾಂಕ್ ತುಂಬಿಬಿಡುತ್ತದೆ. ಹಾಗಾಗಿ ತಟ್ಟೆಗಳನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಒಂದು ಚೊಂಬು ನೀರಿನಲ್ಲಿ ತೊಳೆಯುವ ಅಭ್ಯಾಸ ಮಾಡಿಕೊಂಡೆ. ಇದರಿಂದ ಆ ಕೊಳಕು ನೀರನ್ನು ಖಾಲಿ ಮಾಡುವ ಡಂಪ್ ಸ್ಟೇಷನ್ ಹುಡುಕದೆ ನಾಲ್ಕು ದಿನ ಕಳೆಯಲು ಸಾಧ್ಯವಾಯಿತು. ಕರಡಿಗಳ ಸೀಮೆಯಾದ್ದರಿಂದ ಒಗ್ಗರಣೆಯನ್ನು ಬಾಗಿಲು ಹಾಕಿಕೊಂಡು, ಮೇಲಿನ ಫ್ಯಾನ್ ಓಡಿಸಿಯೇ ಹಾಕುತ್ತಿದ್ದೆ, ಮುಸುರೆಯ ಒಂದಗುಳನ್ನೂ ಹೊರಗೆ ಬಿಡುತ್ತಿರಲಿಲ್ಲ.

ಫೋರ್ಟ್ ನೆಲ್ಸನ್ ದಾಟಿದ ಮೇಲೆ, ದುರಸ್ತಿಗೆಂದು ಜಲ್ಲಿ ಹಾಸಿದ್ದ ಒಂದು ಕಡೆ, ಚಿಲಕ ಸರಿಯಾಗಿ ಕೂರದ ಕಪಾಟಿನ ಬಾಗಿಲು ತೆರೆದುಕೊಂಡು ಸಾರಿನ ಪುಡಿಯ ಡಬ್ಬಿ ಕೆಳಗೆ ಬಿದ್ದಿತು. ಪುಡಿ ಹಾಸಿಗೆಯವರೆಗೂ ಹರಡಿತ್ತು. ಅಂದಿನಿಂದ ಗಾಡಿ ಚಾಲೂ ಮಾಡುವ ಮುನ್ನ ಪ್ರತಿಯೊಂದು ಚಿಲಕ, ಚಾವಣಿಯ ಕಿಟಕಿ, ಹೊರಗಿನ ಮೆಟ್ಟಿಲು, ಗ್ಯಾಸ್ ಇವುಗಳನ್ನು ನಾನು ಕೈಯಿಂದ ಮುಟ್ಟಿ ನೋಡಿ ಜೋರಾಗಿ ಹೇಳುತ್ತಿದ್ದೆ, ಅವರು "ಹೂಂ" ಎಂದ ಮೇಲೆಯೇ ಕೀಲಿ ತಿರುಗುತ್ತಿತ್ತು.

ಲಿಯಾರ್ಡ್ ನದಿಯ ಬಿಸಿನೀರಿನ ಬುಗ್ಗೆಗಳ ಬಳಿ ಒಂದೇ ರಾತ್ರಿ ಇರುವುದೆಂದಿತ್ತು. ಬೆಚ್ಚಗಿನ ಜೌಗಿನ ಮೇಲೆ ಹಾಸಿದ ಹಲಗೆದಾರಿಯಲ್ಲಿ ನಡೆದುಹೋದರೆ ಕಾಡಿನ ನಡುವೆ ಕೊಳ. ನೀರು ಒಂದು ಕೊನೆಯಲ್ಲಿ 42 ಡಿಗ್ರಿಯಷ್ಟಿದ್ದರೆ ಬುಗ್ಗೆಯ ಕಡೆಗೆ 52ರವರೆಗೂ ಏರುತ್ತದೆ. ಕಾಲ್ಬೆರಳುಗಳಿಂದ ತಳದ ಜಲ್ಲಿಯನ್ನು ಹುಡುಕುತ್ತಾ, ಮೈಗೆ ಹಿತವಾಗುವ ಜಾಗದವರೆಗೆ ಇಂಚಿಂಚಾಗಿ ಸರಿಯಬೇಕು. ಕತ್ತಿನವರೆಗೆ ನೀರಿನಲ್ಲಿ ಕುಳಿತಾಗ ಮುಖಕ್ಕೆ ತಣ್ಣನೆಯ ಗಾಳಿ ಸೋಕುತ್ತಿತ್ತು. ಮದುವೆಯಾಗಿ ಮೂವತ್ನಾಲ್ಕು ವರ್ಷಗಳಲ್ಲಿ ಗಡಿಯಾರ ನೋಡದೆ ಹಾಗೆ ಜೊತೆಯಲ್ಲಿ ಕುಳಿತದ್ದು ನನಗೆ ನೆನಪಿಲ್ಲ. "ಇನ್ನೂ ಎರಡು ದಿನ ಇದ್ದುಬಿಡೋಣವೇನ್ರೀ?" ಎಂದೆ, ಅವರು ಆಗಲೇ ಮನಸ್ಸಿನಲ್ಲಿ ನಿರ್ಧರಿಸಿಯಾಗಿತ್ತು.

ವಾಟ್ಸನ್ ಲೇಕ್‌ನಲ್ಲಿ, 1942ರಲ್ಲಿ ಮನೆಯ ನೆನಪಾದ ಸೈನಿಕನೊಬ್ಬ ತನ್ನೂರಿನ ಹೆಸರಿನ ಫಲಕ ನೆಟ್ಟದ್ದರಿಂದ ಆರಂಭವಾಗಿ ಈಗ ಹತ್ತಾರು ಸಾವಿರಕ್ಕೆ ಬೆಳೆದಿರುವ ಊರಫಲಕಗಳ ತೋಪನ್ನು ನೋಡಿದೆವು. ವೈಟ್‌ಹಾರ್ಸ್‌ನಲ್ಲಿ ದಿನಸಿ ತುಂಬಿಸಿ, ಬಟ್ಟೆ ಒಗೆದುಕೊಂಡೆವು.

ಹಿಂದಿರುಗುವಾಗಲೂ ಅದೇ ದಾರಿಯನ್ನೇ ಹಿಡಿದೆವು. ಹೋಗುವಾಗ ಸಿಗದಿದ್ದ, ಮಂಚೋ ಕೆರೆಯ ಹಸಿರು ನೀರಿಗೆ ಮುಖಮಾಡಿ ಗಾಡಿ ನಿಲ್ಲಿಸುವ ಜಾಗ ಈ ಬಾರಿ ಖಾಲಿಯಿತ್ತು. ಅಲ್ಲಿ ಮೂರು ರಾತ್ರಿ ಉಳಿದೆವು.